ಅಡಿಗೆಮನೆಯ ಹಿಮಾಲಯ

ಮನೆಯಲ್ಲಿ ನೀರು ಸೋರಿತೆಂದರೆ ಮೊದಲು ಮೇಲೆ ನೋಡುವದು ನಮ್ಮ ಕಡೆಯವರಿಗೆ ತಲೆತಲಾಂತರದಿಂದ ಬಂದ ರೂಢಿಯು. ಬೈಲಹೊಂಗಲ ಸವದತ್ತಿಗಳ ಎರೆಯ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳೇ ಬಹಳವಾಗಿದ್ದ ಕಾಲದಲ್ಲಿ, ರೋಹಿಣಿ ಮಳೆಗೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ ಬಡಿಸದೆ ಬಿಟ್ಟವನ ಮನೆಯಲ್ಲಿ, ಆರಿದ್ರಾ ಮಳೆ ಹಿಡಿದೊಡನೆ ಕೊಡ, ತಪ್ಪೇಲಿ, ಪರಾತಗಳೆಲ್ಲ ಪಂಕ್ತಿಗೆ ಕುಳಿತಂತೆ ನೆಲದ ಮೇಲೆ ಕುಳಿತುಬಿಡುತ್ತಿದ್ದವು. ಸೋರಿಕೆಯ ಕಾರಣವೂ ಅದರ ಉಪಾಯವೂ ಮನೆಯ ಹುಡುಗರಿಗೆ ಸಹ ಗೊತ್ತಿರುತ್ತಿದ್ದವು. ಈಗ ಮಾಳಿಗೆಗಳು ಕಡಿಮೆಯಾಗಿ ಸಿಮೆಂಟಿನ ಛತ್ತುಗಳು ಬಂದಿವೆ. ಛತ್ತು ಒಣಗಿರುವದು, ನಲ್ಲಿ ಬಂದಾಗಿರುವದು. ಆದರೂ ಮುಂಜಾನೆ ಎದ್ದು ನೋಡಿದರೆ ಅಡಿಗೆಮನೆಯ ಪರಸಿಯ ಮೇಲೆ ಎರಡು ಅಂಗೈಯಗಲದ ನೀರು ನಿಂತಿರುವದು. ಇದು ಆಕಾಶದಿಂದಲೂ ಬಂದುದಲ್ಲ, ಪಾತಾಳದಿಂದಲೂ ಎದ್ದುದಲ್ಲ. ಗೋಡೆಯ ಮಗ್ಗುಲಿಗೆ ಸಾಧುವಿನಂತೆ ನಿಂತ ಫ್ರಿಜ್ಜಿನ ಕೆಳಗಿನಿಂದ ಹರಿದುಬಂದುದು. ಅದರ ಬಾಗಿಲನ್ನು ತೆಗೆದರೆ ಮೇಲಿನ ಫ್ರೀಜರಿನೊಳಗೆ ಬೆಳ್ಳನೆಯ ಹಿಮವು ನಾಲ್ಕು ಬೆರಳು ದಪ್ಪಾಗಿ ಬೆಳೆದು, ಒಳಗಿಟ್ಟ ಹಸಿ ಬಟಾಣಿಯ ಚೀಲವನ್ನೂ ಗಿಣ್ಣದ ಹಾಲಿನ ಡಬ್ಬಿಯನ್ನೂ ನುಂಗಿ ಕುಳಿತಿರುವದು.

ಇಷ್ಟು ಕ್ಷುದ್ರವಾದ ವಿಷಯವನ್ನು ಮಾಸಪತ್ರಿಕೆಯ ಪುಟಗಳಿಗೆ ಏಕೆ ತಂದಿರೆಂದು ವಾಚಕರು ಕೇಳಬಹುದು. ಬೆಣ್ಣೆ ಬಟಾಣಿಗಳ ಮಾತಷ್ಟೇ ಆಗಿದ್ದರೆ ನಾನೂ ತರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ಪೆಟ್ಟಿಗೆಯೊಳಗೆ ಎಂಬತ್ತು ದಾಟಿದ ನಮ್ಮ ತಾಯಿಯವರ ಇನ್ಸುಲಿನ್ ಔಷಧವಿರುತ್ತದೆ. ಸಕ್ಕರೆ ರೋಗದವರಿಗೆ ಅದು ಊಟಕ್ಕಿಂತ ಮೊದಲಿನ ಊಟ. ಬಾಯಿ ಒಡೆಯದ ಬಾಟಲಿಗಳನ್ನು 2ರಿಂದ 8 ಡಿಗ್ರಿಗಳ ತಂಪಿನಲ್ಲಿ ಕಾಯಬೇಕು; ಹೆಚ್ಚು ಕಾವು ತಾಕಿದರೆ ಅದರ ಗುಣವು ಮೆಲ್ಲಗೆ ಇಳಿಯುವದು, ಒಮ್ಮೆ ಹೆಪ್ಪುಗಟ್ಟಿತೆಂದರೆ ಕರಗಿದ ಮೇಲೂ ಅದು ಉಪಯೋಗಕ್ಕೆ ಬಾರದು. ಇಂಥ ಮನೆಗಳು ಇಂದು ಪ್ರತಿ ಓಣಿಯಲ್ಲಿಯೂ ಇವೆ. ಆದಕಾರಣ ಫ್ರೀಜರಿನ ಹಿಮವು ಎಲ್ಲಿಂದ ಬರುವದು, ಎಲ್ಲಿಗೆ ಹೋಗಬೇಕು ಎಂಬ ವಿಚಾರವನ್ನು ಗೃಹಸ್ಥರೂ ಗೃಹಿಣಿಯರೂ ಅರಿತಿರುವದು ಅಗತ್ಯವೆಂದು ನನಗೆ ತೋರುತ್ತದೆ.

ತಣ್ಣನೆಯ ನೀರಿನ ಸಲುವಾಗಿ ನಮ್ಮ ಹಿರಿಯರು ಯಂತ್ರದ ಹಂಗಿಗೆ ಬಿದ್ದವರಲ್ಲ. ಮೂಲೆಯಲ್ಲಿ ಮರಳಿನ ಮೇಲೆ ಕೂಡ್ರಿಸಿದ ಹರವಿಯೊಂದಿದ್ದರೆ ಬೇಸಗೆ ಕಳೆಯುತ್ತಿತ್ತು. ಹರವಿಯ ಮೈಯಿಂದ ನೀರು ಸಣ್ಣಗೆ ಜಿನುಗಿ ಆರಿಹೋಗುವದು. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲರಿಗಳ ಶಾಖ ಬೇಕು. ಆ ಶಾಖವನ್ನು ಅದು ಒಳಗಿನ ನೀರಿನಿಂದಲೇ ಕಿತ್ತುಕೊಳ್ಳುವದು. ಹೀಗೆ ಸೋರುವದೇ ಹರವಿಯ ಗುಣವು. ಸೋರದ ಹರವಿಯನ್ನು ಜಾಣ ಹೆಂಗಸು ಕೊಳ್ಳಲಾರಳು. ಫ್ರಿಜ್ಜಿನೊಳಗಿನ ವ್ಯವಹಾರವೂ ತತ್ತ್ವದಲ್ಲಿ ಬೇರೆಯಲ್ಲ. ಅಲ್ಲಿ ಆರುವದು ನೀರಲ್ಲ, ಕೊಳವೆಯೊಳಗೆ ಮುಚ್ಚಿಟ್ಟ ಒಂದು ದ್ರವ. ಅದು ಫ್ರೀಜರಿನ ತಗಡಿನೊಳಗಣ ಕಾಲುವೆಗಳಲ್ಲಿ ಆವಿಯಾಗುತ್ತ ಶಾಖವನ್ನು ಹೀರುವದು, ಕಂಪ್ರೆಸರು ಅದನ್ನು ಅದುಮಿ ಬೆನ್ನಿನ ಕೊಳವೆಗಳಲ್ಲಿ ಮತ್ತೆ ದ್ರವ ಮಾಡಿ ಆ ಶಾಖವನ್ನು ಹೊರಗೆ ಚೆಲ್ಲುವದು. ಹರವಿಯು ತನ್ನ ನೀರನ್ನು ಕಳೆದುಕೊಳ್ಳುವದು, ಫ್ರಿಜ್ಜು ತನ್ನ ದ್ರವವನ್ನು ಸುತ್ತ ತಿರುಗಿಸಿ ಮರಳಿ ಪಡೆಯುವದು. ಅಂದ ಬಳಿಕ ಅದರ ಕೆಳಗೆ ನಿಂತ ನೀರು ಯಂತ್ರದ್ದಲ್ಲವೆಂಬುದು ಸ್ಪಷ್ಟವು. ಅದು ನಮ್ಮ ಮನೆಯ ಗಾಳಿಯದು.

ಹಿಂದೂಸ್ಥಾನಕ್ಕೆ ಹಡಗಿನಲ್ಲಿ ಬರ್ಫ ಬಂದ ಕಥೆಯನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕೆನ್ನಿಸುತ್ತದೆ. ಕಿತ್ತೂರ ರಾಣಿ ಚೆನ್ನಮ್ಮನು ನಮ್ಮ ಬೈಲಹೊಂಗಲದ ಸೆರೆಯಲ್ಲಿ ದೇಹವಿಟ್ಟದ್ದು 1829ರಲ್ಲಿ. ಅದಾದ ನಾಲ್ಕು ವರ್ಷಕ್ಕೆ, 1833ರಲ್ಲಿ, ಅಮೇರಿಕದ ಬೋಸ್ಟನ್ನಿನಿಂದ ಕೆರೆಯ ಬರ್ಫವನ್ನು ಕಟ್ಟಿಗೆಯ ಹೊಟ್ಟಿನಲ್ಲಿ ಹುದುಗಿಸಿಕೊಂಡು ಹೊರಟ ಹಡಗೊಂದು ನಾಲ್ಕು ತಿಂಗಳ ಮೇಲೆ ಕಲಕತ್ತೆಗೆ ಮುಟ್ಟಿತು. ದಾರಿಯಲ್ಲಿ ಅರ್ಧಕ್ಕೆ ಸಮೀಪ ಕರಗಿದರೂ ಸುಮಾರು 100 ಟನ್ನು ಉಳಿದಿದ್ದಿತಂತೆ. ಕಂಪನಿಯ ಸಾಹೇಬರ ಪಾನಪಾತ್ರೆಗಳಿಗೆ ಅದು ಸಂದಿತು. ನಮ್ಮ ದೇಶದಲ್ಲಿಯೇ ಫ್ರಿಜ್ಜು ತಯಾರಾಗಲು 1958ರ ವರೆಗೆ ಕಾಯಬೇಕಾಯಿತು. ಗೋದ್ರೇಜರ ಕಾರಖಾನೆಯಲ್ಲಿ ಅದು ಆಯಿತು. ನಮ್ಮಂಥ ಊರುಗಳ ನಡುಮನೆಗೆ ಬರುವಷ್ಟರಲ್ಲಿ ಇನ್ನೂ ಒಂದು ತಲೆಮಾರು ಕಳೆಯಿತು. ನನ್ನ ಬಾಲ್ಯದಲ್ಲಿ ಬರ್ಫವೆಂದರೆ ಅಂಗಳಕ್ಕೆ ಬಿದ್ದ ಆಲಿಕಲ್ಲು, ಇಲ್ಲವೆ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಕೈತುಂಬ ಕೆಂಪು ಬಣ್ಣ ಸುರಿಸುವ ಐಸ್‌ಕ್ಯಾಂಡಿ, ಇವೆರಡೇ.

ಇನ್ನು ಗಾಳಿಯ ಮಾತು. ಬಿಸಿ ಗಾಳಿಯು ತನ್ನ ಉಡಿಯಲ್ಲಿ ಬಹಳ ನೀರನ್ನು ಕಟ್ಟಿಕೊಂಡಿರಬಲ್ಲದು, ತಣ್ಣನೆಯ ಗಾಳಿಗೆ ಆ ಶಕ್ತಿಯಿಲ್ಲ. ಶ್ರಾವಣದ ಜಿಟಿಜಿಟಿ ದಿನಗಳಲ್ಲಿ 25 ಡಿಗ್ರಿಯ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 20 ಗ್ರಾಂ ನೀರಿರುವದು. ಅದೇ ಗಾಳಿಯು ಸೊನ್ನೆ ಡಿಗ್ರಿಗಿಂತ 18 ಕೆಳಗಿಳಿದರೆ ಒಂದು ಗ್ರಾಮಿನಷ್ಟನ್ನು ಮಾತ್ರ ಹಿಡಿದಿಟ್ಟುಕೊಳ್ಳುವದು. ಉಳಿದುದನ್ನೆಲ್ಲ ಅದು ಸಿಕ್ಕ ತಣ್ಣನೆಯ ತಗಡಿನ ಮೇಲೆ ಇಳಿಸಿಬಿಡುವದು. ಸಾಧಾರಣ ಫ್ರಿಜ್ಜಿನ ಬಾಗಿಲು ತೆರೆದು ಒಳಗಿನ ಗಾಳಿಯೆಲ್ಲ ಬದಲಾದರೆ ಮಳೆಗಾಲದಲ್ಲಿ ಮೂರು ನಾಲ್ಕು ಗ್ರಾಂ ನೀರು ಒಳಹೊಕ್ಕಂತಾಯಿತು. ಇದು ಹೆಚ್ಚೇನಲ್ಲ. ಆದರೆ ಬಾಗಿಲಿನ ರಬ್ಬರಿನ ಪಟ್ಟಿಯು ಒಂದು ಮೂಲೆಯಲ್ಲಿ ಬಾಯಿಬಿಟ್ಟಿದ್ದರೆ ಗಾಳಿಯು ಹಗಲಿರುಳು ಒಳಗೆ ಹೊಕ್ಕು ತನ್ನ ಗಂಟನ್ನು ಬಿಚ್ಚುತ್ತಲೇ ಇರುವದು. ಮುಚ್ಚಳವಿಲ್ಲದ ಸಾರಿನ ಪಾತ್ರೆ, ಹೊಗೆಯಾಡುವ ಅನ್ನ, ತೊಳೆದು ಸೋಸದೆ ಇಟ್ಟ ಸೊಪ್ಪು, ಇವೂ ತಮ್ಮ ಪಾಲನ್ನು ಸೇರಿಸುವವು.

ಈ ಸಂಗತಿಯು ನನಗೆ ಚೆನ್ನಾಗಿ ಮನವರಿಕೆಯಾದದ್ದು ಪುಸ್ತಕದಿಂದಲ್ಲ, ಬೀಗತನದಿಂದ. ನಮ್ಮ ಬೀಗರು ಕಿತ್ತೂರಿನವರು. ಮಗಳನ್ನು ಸವದತ್ತಿಗೆ ಕೊಟ್ಟಿದ್ದೇವೆ. ತಂಗಿಯ ಮನೆ ರಾಮದುರ್ಗದಲ್ಲಿ. ನಾಲ್ಕೂ ಊರುಗಳು ಒಂದೇ ಮಲಪ್ರಭೆಯ ಮಕ್ಕಳೆಂದರೂ ಸಲ್ಲುವದು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಆ ಹೊಳೆಯು ಮಲೆನಾಡಿನ ಸೆರಗಿನಿಂದ ಇಳಿದು ಮುಗುಟಖಾನ ಹುಬ್ಬಳ್ಳಿಯನ್ನು ದಾಟಿ, ಬೈಲಹೊಂಗಲದ ಹೊಲಗಳ ನಡುವೆ ಹಾಯ್ದು, ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿ, ಬಯಲುಸೀಮೆಯ ರಾಮದುರ್ಗಕ್ಕೆ ಹೋಗುವದು. ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಮಳೆಯೂ ಗಾಳಿಯ ತೇವವೂ ಕಡಿಮೆಯಾಗುವವು. ಕಿತ್ತೂರಿನ ಬೀಗರ ಮನೆಯಲ್ಲಿ ಆಷಾಢದಲ್ಲಿ ಕೆರೆದ ಹಿಮವು ಶ್ರಾವಣ ಮುಗಿಯುವ ಮುನ್ನ ಮತ್ತೆ ಬೆಳೆಯುವದು. ಅಂಥದೇ ಪೆಟ್ಟಿಗೆಗೆ ರಾಮದುರ್ಗದ ತಂಗಿಯ ಮನೆಯಲ್ಲಿ ಶಿವರಾತ್ರಿಯಿಂದ ಬಸವಜಯಂತಿಯ ವರೆಗೂ ಹಿಮದ ಕಾಟವೇ ಇಲ್ಲ. ಹರವಿಯ ನಡತೆಯು ಇದಕ್ಕೆ ನೇರ ವಿರುದ್ಧವಾದದ್ದು. ರಾಮದುರ್ಗದ ಒಣ ಗಾಳಿಯಲ್ಲಿ ಹರವಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುವದು, ಕಿತ್ತೂರಿನ ಮಳೆಗಾಲದಲ್ಲಿ ಅದೇ ಹರವಿಯು ಮೈಯೆಲ್ಲ ಒದ್ದೆ ಮಾಡಿಕೊಂಡು ಸುಮ್ಮನೆ ಕೂಡುವದು. ಹರವಿಯು ಗೆಲ್ಲುವಲ್ಲಿ ಫ್ರೀಜರಿಗೆ ಸುಖ, ಹರವಿಯು ಸೋಲುವಲ್ಲಿ ಫ್ರೀಜರಿಗೆ ದುಃಖ. ನಮ್ಮ ಬೈಲಹೊಂಗಲವು ನಡುವೆ ಸಿಕ್ಕಿಕೊಂಡಿದೆ; ವರ್ಷದಲ್ಲಿ ನಾಲ್ಕೈದು ತಿಂಗಳು ಎಚ್ಚರಿಕೆ ಬೇಕು.

ಹಿಮವು ಬೆಳೆದರೆ ತಂಪು ಹೆಚ್ಚಾಗಬೇಕಲ್ಲವೆಂದು ಕೆಲವರು ತಿಳಿಯುತ್ತಾರೆ. ಇದು ಶುದ್ಧ ಭ್ರಮೆಯು. ಹಿಮದ ಎಸಳುಗಳ ನಡುವೆ ಗಾಳಿಯು ಸಿಕ್ಕಿಕೊಂಡಿರುವದರಿಂದ ಅದು ತಗಡಿಗೆ ಹೊದಿಸಿದ ಕೌದಿಯಂತೆ ಕೆಲಸ ಮಾಡುವದು. ಚಳಿಯು ಕೌದಿಯೊಳಗೇ ಉಳಿಯುವದು, ಕೆಳಗಿನ ಅರೆಗಳು ಬೆಚ್ಚಗಾಗುವವು, ಕಂಪ್ರೆಸರು ಬಿಡುವಿಲ್ಲದೆ ಗುರುಗುಡುವದು, ಬಿಲ್ಲು ಏರುವದು. ನಮ್ಮ ಮನೆಯಲ್ಲಿ ಹೀಗೆ ಹಾಲು ಕೆಡಹತ್ತಿದಾಗ ಮೊಮ್ಮಗನು ಅಜ್ಜಿಯ ಮೇಲಣ ಪ್ರೀತಿಯಿಂದ ಒಳಗಿನ ತಿರುಗುಣಿಯನ್ನು 3ರಿಂದ 7ಕ್ಕೆ ತಿರುವಿಟ್ಟನು. ಫಲವೇನೆಂದರೆ, ಕೆಳಗಿನ ಅರೆಯಲ್ಲಿ ಮೊಸರು ಹುಳಿಯುತ್ತಲೇ ಇದ್ದಿತು, ಫ್ರೀಜರಿಗೆ ತಾಗಿದ ಮೇಲಿನ ಅರೆಯಲ್ಲಿದ್ದ ಇನ್ಸುಲಿನ್ ಮಾತ್ರ ಹೆಪ್ಪುಗಟ್ಟಿತು. ಕರಗಿದ ಮೇಲೆ ಬಾಟಲಿಯನ್ನು ಅಂಗೈಗಳ ನಡುವೆ ಹೊರಳಿಸಿದರೆ ಹಾಲಿನಂತೆ ಒಂದಾಗಬೇಕಾದ ಔಷಧದಲ್ಲಿ ಹರಳು ಹರಳಾಗಿ ಏನೋ ತೇಲುತ್ತಿತ್ತು. ತಾಯಿಯವರೇ ಕನ್ನಡಕವನ್ನೇರಿಸಿ ನೋಡಿ, "ಒಡದ ಮೊಸರ ಆದಂಗ ಆಗೇತಿ, ಇದು ಬ್ಯಾಡ" ಎಂದರು. ಡಾಕ್ಟರರೂ ಅದನ್ನೇ ಹೇಳಿದರು. ಅಂದು ರವಿವಾರ, ಔಷಧದ ಅಂಗಡಿಗಳು ಮುಚ್ಚಿದ್ದವು, ಸಂಜೆಯ ಚುಚ್ಚುಮದ್ದಿನ ಹೊತ್ತಿಗೆ ಬೆಳಗಾವಿಯಿಂದ ಬರುವ ಪರಿಚಯದವರೊಬ್ಬರ ಕೈಯಲ್ಲಿ ಬಾಟಲಿ ತರಿಸಿದೆವು. ಬಸ್ಸು ನೇಸರಗಿಯನ್ನು ದಾಟಿದೆಯೆಂಬ ಸುದ್ದಿ ಬರುವ ವರೆಗೆ ಮನೆಯಲ್ಲಿ ಯಾರೂ ತಾಟಿಗೆ ಕೂಡಲಿಲ್ಲ.

ಮಿಸ್ತ್ರಿಯೊಬ್ಬನನ್ನು ಕರೆಸಿದೆವು. ಅವನು ಬಾಗಿಲನ್ನು ತೆರೆದು, ಹಿಮವನ್ನು ನೋಡಿ, ಬೆನ್ನ ಹಿಂದೆ ನೋಡದೆಯೇ, "ಕಾಕಾ, ಇದರ ಆಯುಷ್ಯ ಮುಗದೈತ್ರಿ, ಹೊಸಾದ ತಗೊಂಡಬಿಡ್ರಿ" ಎಂದು ತೀರ್ಪು ಕೊಟ್ಟನು. ಒಳಗಿನಿಂದ ತಾಯಿಯವರು, "ತಂಪ ಮಾಡೂದು ಬಿಟ್ಟಿಲ್ಲಲಾ ತಮ್ಮಾ, ಆಯುಷ್ಯ ಹ್ಯಾಂಗ ಮುಗದೀತು? ನನಗೂ ದವಾಖಾನ್ಯಾಗ ಹಂಗ ಅಂತಾರ" ಎಂದರು. ಮಿಸ್ತ್ರಿಯು ನಕ್ಕು ತನ್ನ ಚೀಲವನ್ನೆತ್ತಿಕೊಂಡನು. ತಾಯಿಯವರ ತರ್ಕವೇ ಸರಿಯೆಂದು ನಾನೂ ಮಗನೂ ಕೂಡಿ ಆ ಕೆಲಸಕ್ಕೆ ಕೈಹಾಕಿದೆವು.

ಮೊದಲನೆಯದಾಗಿ ಏನು ಮಾಡಬಾರದೆಂಬುದನ್ನು ಬೀಗರ ಮನೆಯ ಪ್ರಸಂಗವು ನಮಗೆ ಆ ಹಿಂದಿನ ವರ್ಷವೇ ಕಲಿಸಿದ್ದಿತು. ನಾಗರ ಪಂಚಮಿಯ ದಿನ ಅಲ್ಲಿ ಹೆಪ್ಪುಗಟ್ಟಿದ ಡಬ್ಬಿಯೊಂದನ್ನು ಬಿಡಿಸಲು ಯಾರೋ ಸ್ಕ್ರೂಡ್ರೈವರ್ ಹಾಕಿ ಮೀಟಿದರು. ಒಳಗಿನಿಂದ 'ಬುಸ್' ಎಂದು ಶಬ್ದವಾಯಿತು. ಹಬ್ಬದ ದಿನವಾದ್ದರಿಂದ ಮನೆಯ ಮುದುಕಿಯು ಕೈಮುಗಿದಳಂತೆ. ಅದು ನಾಗಪ್ಪನಲ್ಲ, ತಗಡಿನೊಳಗಣ ಕಾಲುವೆಗೆ ತೂತು ಬಿದ್ದು ಆ ಪೆಟ್ಟಿಗೆಯ ಜೀವದ್ರವವೇ ಹಾರಿಹೋದದ್ದು. ಫ್ರೀಜರಿನ ತಗಡು ಅಲ್ಯುಮಿನಿಯಮ್ಮಿನದು, ಬಹಳ ತೆಳುವಾದದ್ದು. ಚಾಕು, ಉಳಿ, ಸೌಟಿನ ತುದಿ ಯಾವುದಕ್ಕೂ ಅದು ತಡೆಯದು. ಇನ್ನೊಂದು ಅಪಾಯವನ್ನೂ ಹೇಳಬೇಕು. ಹಿಂದಿನ ಫ್ರಿಜ್ಜುಗಳಲ್ಲಿದ್ದ ಅನಿಲವು ಆಕಾಶದ ಓಝೋನಿನ ಪದರವನ್ನು ಕೆಡಿಸುವದೆಂದು ಕಂಡುಬಂದುದರಿಂದ, 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಅದನ್ನು ಕ್ರಮೇಣ ಬಿಟ್ಟರು. ಈಗಿನ ಅನೇಕ ಪೆಟ್ಟಿಗೆಗಳಲ್ಲಿ ಐಸೋಬ್ಯುಟೇನ್ ಎಂಬ ಅನಿಲವಿರುತ್ತದೆ; ಅದು ನಮ್ಮ ಅಡಿಗೆಯ ಸಿಲಿಂಡರಿನ ಅನಿಲದ ದಾಯಾದಿಯು, ಬೆಂಕಿಗೆ ಹೊತ್ತಿಕೊಳ್ಳುವಂಥದು. ಪ್ರಮಾಣವು ಸ್ವಲ್ಪವೇ ಇದ್ದರೂ ತೂತು ಬಿದ್ದಾಗ ಮಗ್ಗುಲಲ್ಲಿ ಒಲೆ ಉರಿಯುತ್ತಿರಬಾರದು. ಕಿಡಕಿ ಬಾಗಿಲುಗಳನ್ನು ತೆರೆದಿಡಬೇಕು.

ಮಾಡತಕ್ಕದ್ದು ಇಷ್ಟೇ. ವಿದ್ಯುತ್ತಿನ ಪ್ಲಗ್ಗನ್ನು ಕಿತ್ತೆವು. ತಾಯಿಯವರ ಔಷಧವನ್ನು ಒಣ ಚೀಲದಲ್ಲಿ ಕಟ್ಟಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯಲ್ಲಿರಿಸಿ, ಹರವಿಯ ಪಕ್ಕದ ನೆರಳಿನಲ್ಲಿಟ್ಟೆವು. ಕೆಲವು ತಾಸುಗಳ ಮಟ್ಟಿಗೆ ಆ ತಂಪು ಸಾಕು. ಫ್ರೀಜರಿನಲ್ಲಿ ಮಡಿಚಿದ ಬಟ್ಟೆಯ ಮೇಲೆ ಬಿಸಿ ನೀರಿನ ತಪ್ಪೇಲಿಯನ್ನಿಟ್ಟು ಅದರ ಬಾಗಿಲನ್ನು ಮುಚ್ಚಿದೆವು. ಒಂದು ಗ್ರಾಂ ಬರ್ಫ ಕರಗಲು 80 ಕ್ಯಾಲರಿ ಶಾಖ ಬೇಕು. ಅಂದರೆ 80 ಡಿಗ್ರಿಯ ಒಂದು ಲೀಟರು ನೀರು ಪೂರ್ತಿ ತಣ್ಣಗಾದರೆ ಒಂದು ಕಿಲೋ ಹಿಮವನ್ನು ಕರಗಿಸಬಲ್ಲದು. ನಮ್ಮ ಪೆಟ್ಟಿಗೆಗೆ ಮೂರು ಸಲ ನೀರು ಬದಲಿಸಬೇಕಾಯಿತು. ಬಿಸಿ ನೀರನ್ನು ಸುರುವಬಾರದು, ಪ್ಲಾಸ್ಟಿಕ್ಕು ಸೊಟ್ಟಾಗುವದು. ಗಡ್ಡೆಗಳು ತಾವಾಗಿ ಸಡಿಲಿ ಧೊಪ್ಪೆಂದು ಬೀಳುವ ಶಬ್ದಕ್ಕೆ ಕಾಯ್ದು ಕೂಡಬೇಕು. ಮೂರು ತಾಸು ಹಿಡಿಯಿತು. ಈ ಕಾಯುವಿಕೆಯಲ್ಲಿಯೇ ಮನುಷ್ಯನ ಕೈ ಚಾಕುವಿನ ಕಡೆಗೆ ಹೋಗುವದು; ಆ ಹೊತ್ತಿನಲ್ಲಿ ಒಂದು ಲೋಟ ಚಹ ಮಾಡಿಕೊಂಡು ಕುಡಿಯುವದು ಉತ್ತಮ.

ಆಮೇಲೆ ಸೋರಿಕೆಯ ಮೂಲವನ್ನು ಹುಡುಕಿದೆವು. ಒಳಗಿನ ಹಿಂಗೋಡೆಯ ಕೆಳಗೆ ಒಂದು ಗಾಡಿಯೂ ಅದರ ನಡುವೆ ಶೇಂಗಾಕಾಳಿನಷ್ಟು ರಂಧ್ರವೂ ಇರುವವು. ಕರಗಿದ ನೀರು ಆ ರಂಧ್ರದಿಂದ ಕೊಳವೆಗೆ ಇಳಿದು, ಹಿಂಬದಿಯಲ್ಲಿ ಕಂಪ್ರೆಸರಿನ ಮೇಲಿರುವ ತಟ್ಟೆಗೆ ಬಿದ್ದು, ಅದರ ಕಾವಿಗೇ ಆರಿಹೋಗತಕ್ಕದ್ದು. ಹೀಗಿರುವದರಿಂದಲೇ ಸುಸ್ಥಿತಿಯ ಫ್ರಿಜ್ಜಿನ ನೀರು ಯಾರ ಕಣ್ಣಿಗೂ ಬೀಳುವದಿಲ್ಲ. ನಮ್ಮ ರಂಧ್ರದಲ್ಲಿ ಕೊತ್ತಂಬರಿಯ ದಂಟೊಂದು ಕರಿಬೇವಿನ ಎಲೆಯ ಜೊತೆಗೂಡಿ ಕೊಳೆತು ಬಿರಟೆಯಂತೆ ಕುಳಿತಿದ್ದಿತು. ತಂತಿಯಿಂದ ಚುಚ್ಚಿದರೆ ಕೊಳವೆ ಹರಿಯುವ ಭಯ. ಮೊಮ್ಮಗನು ಅಟ್ಟದಿಂದ ಹೋಳಿಯ ಪಿಚಕಾರಿಯನ್ನು ಹುಡುಕಿ ತಂದನು. ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಸೋಡಾ ಬೆರೆಸಿ ನಾಲ್ಕು ಸಲ ಹೊಡೆಯುತ್ತಲೇ ಹಿಂದಿನ ತಟ್ಟೆಯಲ್ಲಿ ಗಳಗಳನೆ ನೀರು ಬಿದ್ದಿತು. ಅದರಲ್ಲಿ ಗತವರ್ಷದ ಬಣ್ಣವೂ ಕೊಂಚ ಇದ್ದಿತು.

ರಬ್ಬರಿನ ಪಟ್ಟಿಯ ಪರೀಕ್ಷೆಗೆ ಹತ್ತು ರೂಪಾಯಿಯ ನೋಟು ಸಾಕು. ನೋಟನ್ನು ಬಾಗಿಲಲ್ಲಿ ಸಿಕ್ಕಿಸಿ ಮುಚ್ಚಿ ಎಳೆದರೆ ಬಿಗಿಯಾಗಿ ಬರಬೇಕು. ಸಲೀಸಾಗಿ ಜಾರಿಬಂದರೆ ಅಲ್ಲಿ ಗಾಳಿಗೆ ಹಾದಿಯಿದೆಯೆಂದು ತಿಳಿಯತಕ್ಕದ್ದು. ನಮ್ಮಲ್ಲಿ ಬಿಜಾಗರಿಯ ಕಡೆಯ ಕೆಳಮೂಲೆಯು ಸಡಿಲವಿದ್ದಿತು. ಪಟ್ಟಿಯ ಮಡಿಕೆಯಲ್ಲಿ ಬೆಲ್ಲದ ಪಾಕವೂ ಹಿಟ್ಟೂ ಕೂಡಿ ಕಲ್ಲಾಗಿದ್ದವು. ಸಾಬೂನಿನ ಬೆಚ್ಚನೆಯ ನೀರಿನಿಂದ ತೊಳೆದು, ಬಿಸಿ ನೀರಿನಲ್ಲದ್ದಿ ಹಿಂಡಿದ ಅರಿವೆಯನ್ನು ಅದರ ಮೇಲೆ ಒತ್ತಿ ಹಿಡಿದಾಗ ರಬ್ಬರು ಮೆತ್ತಗಾಗಿ ತನ್ನ ಆಕಾರಕ್ಕೆ ಬಂದಿತು. ಬಾರದಿದ್ದರೆ ಹೊಸ ಪಟ್ಟಿ ಹಾಕಿಸಬೇಕು. ಅದು ಹೊಸ ಫ್ರಿಜ್ಜಿನ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಪರಸಿಯು ಏರುಪೇರಾಗಿದ್ದುದರಿಂದ ಮುಂಗಾಲುಗಳನ್ನು ಕೂದಲೆಳೆಯಷ್ಟು ಎತ್ತರಿಸಿದೆವು. ಈಗ ಬಾಗಿಲು ಬಿಟ್ಟರೆ ತಾನೇ ಮುಚ್ಚಿಕೊಳ್ಳುವದು. ತಿರುಗುಣಿಯು 3ಕ್ಕೆ ಮರಳಿತು, ಔಷಧವು ನಡುವಿನ ಅರೆಗೆ ಇಳಿಯಿತು, ಅದರ ಪಕ್ಕದಲ್ಲಿ ಒಂದು ಉಷ್ಣಮಾಪಕವೂ ಬಂದು ಕುಳಿತಿತು. ತಿರುಗುಣಿಯ ನಡುವೆ ಹಿಮ ಕರಗಿಸುವ ಗುಂಡಿಯೊಂದಿರುತ್ತದೆ. ಹಿಮವು ಕಾಲು ಅಂಗುಲಕ್ಕೆ ಬಂದೊಡನೆ ಅದನ್ನು ಒತ್ತಿದರೆ ಇಷ್ಟೆಲ್ಲ ಮೆರವಣಿಗೆಯ ಕಾರಣವೇ ಇಲ್ಲ. ನಮ್ಮ ಮನೆಯಲ್ಲಿ ಅದನ್ನು ಅಮಾವಾಸ್ಯೆಯ ಮುಂಚಿನ ದಿನಕ್ಕೆ ಗೊತ್ತುಪಡಿಸಿದ್ದೇವೆ. ಪಂಚಾಂಗವನ್ನು ನೋಡುವವರು ತಾಯಿಯವರಾದ್ದರಿಂದ ಈ ವರೆಗೆ ತಪ್ಪಿಲ್ಲ.

ಸವದತ್ತಿಯ ಮಗಳ ಮನೆಯದು ಎರಡು ಬಾಗಿಲಿನ, 'ಹಿಮ ಕಟ್ಟದ' ಜಾತಿಯ ಪೆಟ್ಟಿಗೆಯು. ಹಿಮ ಕಟ್ಟದೆಂಬ ಮಾತನ್ನು ಅಕ್ಷರಶಃ ನಂಬತಕ್ಕದ್ದಲ್ಲ. ಅದು ಒಳಗೋಡೆಯ ಮರೆಯಲ್ಲಿ ಕಟ್ಟುವದು, ದಿನದಲ್ಲಿ ಕೆಲವು ಸಲ ಸಣ್ಣದೊಂದು ಕಾವಿನ ತಂತಿಯು ಅದನ್ನು ಕರಗಿಸುವದು. ಬನದ ಹುಣ್ಣಿವೆಯಿಂದ ಭಾರತ ಹುಣ್ಣಿವೆಯ ವರೆಗೆ ಗುಡ್ಡಕ್ಕೆ ಬರುವ ನೆಂಟರಿಂದ ಮನೆ ತುಂಬಿ, ಆ ಬಾಗಿಲು ದಿನಕ್ಕೆ ನೂರು ಸಲ ತೆರೆದಾಗ, ಹೊರಕೊಳವೆಯ ಬಾಯಿಯಲ್ಲಿಯೇ ನೀರು ಹೆಪ್ಪುಗಟ್ಟಿ, ಫ್ರೀಜರಿನ ತಳದಲ್ಲಿ ಗಾಜಿನಂಥ ಬರ್ಫದ ಹಲಗೆಯಾಗಿ, ಕೆಳಗಿನ ಕಾಯಿಪಲ್ಲೆಯ ಮೇಲೆ ತೊಟ್ಟಿಕ್ಕಹತ್ತಿತು. ಅಲ್ಲಿಯೂ ಒಂದು ದಿನ ಪ್ಲಗ್ಗು ಕಿತ್ತು ಬಾಗಿಲು ತೆರೆದಿಟ್ಟು ರಂಧ್ರಕ್ಕೆ ಬೆಚ್ಚನೆಯ ನೀರು ಹಾಕಿದ್ದರಿಂದ ಗುಣವಾಯಿತು. ತಿಂಗಳೊಳಗೆ ಅದೇ ಬೇನೆ ಮರಳಿ ಬಂದರೆ ಕಾವಿನ ತಂತಿಯೋ ಅದರ ಹೊತ್ತು ಕಾಯುವ ಭಾಗವೋ ಕೆಟ್ಟಿದೆಯೆಂದು ತಿಳಿಯಬೇಕು. ಅದು ಮಿಸ್ತ್ರಿಯ ಕೆಲಸ. ಅದರಲ್ಲಿ ಗೃಹಸ್ಥರು ಕೈಹಾಕಬಾರದು.

ರಾಮದುರ್ಗದ ತಂಗಿಯ ಮನೆಯಲ್ಲಿ ಹಿಮವಿಲ್ಲವೆಂದೆನಲ್ಲ. ಸೋರಿಕೆಯು ಅಲ್ಲಿಯೂ ತಪ್ಪಲಿಲ್ಲ. 2019ರ ಅಗಸ್ಟಿನಲ್ಲಿ ಮಲಪ್ರಭೆಯು ಊರೊಳಗೆ ಹೊಕ್ಕಾಗ ಕಪಾಟು, ಕಾಳಿನ ಚೀಲ, ಫ್ರಿಜ್ಜುಗಳು ಒಂದೇ ನೀರಿನಲ್ಲಿ ನಿಂತುದನ್ನು ಕಂಡವರಿಗೆ ಪರಸಿಯ ಮೇಲಿನ ಅಂಗೈಯಗಲ ನೀರು ಲೆಕ್ಕಕ್ಕೇ ಇಲ್ಲ. ಆದುದರಿಂದ ಅವಳು ಅದನ್ನು ಒರೆಸುತ್ತ ಸುಮ್ಮನಿದ್ದಳು. ಡೆಂಗೆ ಜ್ವರದ ದಿನಗಳಲ್ಲಿ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯು, "ಅಕ್ಕಾರ, ಫ್ರಿಜ್ಜಿನ ಹಿಂದ ಒಂದೀಟು ನೋಡೂಣ್ರಿ" ಎಂದು ಬಗ್ಗಿ ನೋಡಿದಳು. ಹಿಂದಿನ ತಟ್ಟೆಯ ಒಂದು ಮಗ್ಗುಲು ಸೀಳಿ ನೀರು ಹರಿಯುತ್ತಿದ್ದಿತು. ಉಳಿದರ್ಧದಲ್ಲಿ ನಿಂತ ನೀರಿನೊಳಗೆ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. ಡೆಂಗೆಯ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ತವರುಮನೆ. ಮೊಟ್ಟೆಯು ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ತಂಗಿಯು ಆ ತಟ್ಟೆಯನ್ನು ತೆಗೆದುಹಾಕಿ, ಸದ್ಯಕ್ಕೆ ಅಲ್ಲಿ ಚಪ್ಪಟೆಯಾದ ಸ್ಟೀಲಿನ ತಾಟೊಂದನ್ನು ಇಟ್ಟಿದ್ದಾಳೆ. ಪ್ರತಿ ಸೋಮವಾರ ಅದನ್ನು ಬರಿದುಮಾಡಿ ಉಜ್ಜಿ ಇಡುತ್ತಾಳೆ. ಹೊಸ ತಟ್ಟೆ ಹುಬ್ಬಳ್ಳಿಯಿಂದ ಬರಬೇಕಾಗಿದೆ.